ಭುಜದ ಕ್ಯಾಲ್ಸಿಯಂ: ನೋವು ಹೆಚ್ಚಾದಾಗ ನಾನು ಮಾಡುವುದು

ಎಕ್ಸ್‌ರೇಯಲ್ಲಿ ಭುಜದ ಮೇಲೆ ಬಿಳಿ ಚುಕ್ಕೆ ಕಂಡರೆ ನಮ್ಮವರು ಮೊದಲು ಬಿಡುವುದು ಹಾಲು, ಮೊಸರು. ಬಿಡಬೇಕಿಲ್ಲ. ಆ ಚುಕ್ಕೆ ಕ್ಯಾಲ್ಸಿಯಂ ಗಡ್ಡೆಯೇ, ಆದರೂ ಊಟದ ಕ್ಯಾಲ್ಸಿಯಂಗೂ ಇದಕ್ಕೂ ನಂಟಿಲ್ಲ. ತೋಳೆತ್ತುವ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನೊಳಗೆ, ಹೆಚ್ಚಾಗಿ ಭುಜದ ಮೇಲ್ಭಾಗದ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜುವಿನಲ್ಲಿ, ಇದು ತಾನಾಗಿ ಕಟ್ಟಿಕೊಳ್ಳುತ್ತದೆ. 30ರಿಂದ 60ರ ಪ್ರಾಯದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ.

ಮುಂಬಯಿ ಹತ್ತಿರದ ಡೊಂಬಿವಲಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕುಂದಾಪುರ ಕಡೆಯ ಅಕ್ಕ ಒಬ್ಬರು ಬಂದಿದ್ದರು. ದಿನಾ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತೇ ಹೋಗುವವರು. ಅವತ್ತು ಬಲಗೈಯನ್ನು ದುಪಟ್ಟಾದಲ್ಲಿ ಕುತ್ತಿಗೆಗೆ ಕಟ್ಟಿಕೊಂಡು, ಎಡಗೈಯಲ್ಲಿ ಮೊಣಕೈ ಹಿಡಿದು ಕೂತರು. ಎರಡು ರಾತ್ರಿ ನಿದ್ದೆಯಿಲ್ಲ. "ಡಾಕ್ಟ್ರೇ, ಆಪರೇಷನ್ ಮಾಡ್ಸಿ ತೆಗೆಸ್ಬಿಡ್ತೆ, ಸಾಕಾಯ್ತ್."

ಎಕ್ಸ್‌ರೇ ಹಿಡಿದು ನೋಡಿದರೆ ಗಡ್ಡೆಯ ಅಂಚು ಮಸುಕಾಗಿತ್ತು. ನನಗೆ ಸಮಾಧಾನವಾದದ್ದು ಅಲ್ಲೇ. ಅಂಚು ಸ್ಪಷ್ಟವಾಗಿ, ಬಿಳಿಯಾಗಿ ಇದ್ದರೆ ಗಡ್ಡೆ ಇನ್ನೂ ಗಟ್ಟಿ. ಮಸುಕಾಗಿದ್ದರೆ ದೇಹವೇ ಅದನ್ನು ಕರಗಿಸಲು ಶುರುಮಾಡಿದೆ ಎಂದರ್ಥ. ಕರಗುವಾಗ ಅದು ಟೂತ್‌ಪೇಸ್ಟಿನಷ್ಟು ಮೆತ್ತಗಾಗಿ ಸುತ್ತ ಉರಿಯೂತ ಎಬ್ಬಿಸುತ್ತದೆ. ಜೀವ ಹಿಂಡುವ ನೋವು ಬರುವುದು ಆಗಲೇ. ಆ ಹೊತ್ತಿನಲ್ಲಿ ಕೈ ಎಳೆದು ವ್ಯಾಯಾಮ ಮಾಡಿಸುವುದು ಹಿಂಸೆ. ಐಸ್, ಜೋಲಿ, ಮೂಳೆ ಡಾಕ್ಟರು ಕೊಟ್ಟ ನೋವಿನ ಮಾತ್ರೆ, ಅದಕ್ಕೂ ಬಗ್ಗದಿದ್ದಾಗ ಅವರೇ ಹಾಕಿದ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ನೋವು ಇಳಿದ ಮೇಲಷ್ಟೇ ನನ್ನ ಕೆಲಸ: ಮುಂದಕ್ಕೆ ಬಾಗಿ ತೋಳು ಜೋತುಬಿಟ್ಟು ಮೆಲ್ಲಗೆ ತೂಗುವುದು, ಮೇಜಿನ ಮೇಲೆ ಬಟ್ಟೆಯಿಟ್ಟು ಕೈ ಜಾರಿಸುವುದು, ಆಮೇಲೆ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ. ತಿಂಗಳುಗಳ ನಂತರದ ಎಕ್ಸ್‌ರೇಯಲ್ಲಿ ಗಡ್ಡೆ ಹುಡುಕಬೇಕಾಯಿತು.

ಗಟ್ಟಿ ಗಡ್ಡೆಯವರ ಕತೆ ಬೇರೆ. ಮಾಟುಂಗಾದ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಭಟ್ಟರಿಗೆ ನೋವು ಕಡಿಮೆ, ಆದರೆ ವರ್ಷಗಟ್ಟಲೆ. ವ್ಯಾಯಾಮದಿಂದ ಅಷ್ಟಕ್ಕಷ್ಟೇ, ವಾರ ಬಿಟ್ಟು ವಾರ ಶಾಕ್‌ವೇವ್, ಅಂದರೆ ಯಂತ್ರದಿಂದ ಭುಜಕ್ಕೆ ಒತ್ತಡದ ಅಲೆ, ಕೊಟ್ಟ ಮೇಲೆ ಪರವಾಗಿಲ್ಲ ಅನ್ನಿಸಿತು. ಕೊಡುವಾಗ ನೋಯುತ್ತದೆ, ಅದನ್ನು ಮುಂಚೆಯೇ ಹೇಳಿಬಿಡಬೇಕು. ಭುಜ ನೋವು ಅಂದವರಿಗೆಲ್ಲ ಇದರ ಪ್ಯಾಕೇಜ್ ಕಟ್ಟುವುದು ಮಾತ್ರ ನನಗೆ ಸರಿಕಾಣದು.

ಸೋನೋಗ್ರಫಿ ನೋಡುತ್ತಾ ಸೂಜಿಯಿಂದ ಸಲೈನ್ ಬಿಟ್ಟು ತೊಳೆಯುವ ಬಾರ್ಬೊಟಾಜ್ ಕೂಡ ಇದೆ. ಸಿರಿಂಜಿಗೆ ಸುಣ್ಣದ ನೀರು ಬಂದದ್ದು ಕಂಡು ರೋಗಿಗೆ ಖುಷಿಯಾಗುತ್ತದೆ. ಆದರೆ ನಾರ್ವೆ, ನೆದರ್ಲೆಂಡ್ಸ್‌ನ 220 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ತಿಂಗಳಿಗೆ ನಿಜವಾಗಿ ತೊಳೆಸಿಕೊಂಡ ರೋಗಿಗಳಿಗೂ, ವೈದ್ಯರು ಬರೀ ತೊಳೆದಂತೆ ನಟಿಸಿದ ರೋಗಿಗಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಾನಾಗಿ ಅದಕ್ಕೆ ಕಳಿಸುವುದು ಕಡಿಮೆ. ಸಣ್ಣ ರಂಧ್ರದಿಂದ ಮಾಡುವ ದುರ್ಬೀನಿನ ಆಪರೇಷನ್ ಕಟ್ಟಕಡೆಗೆ. ಅದಾದ ಮೇಲೂ ತಿಂಗಳುಗಟ್ಟಲೆ ವ್ಯಾಯಾಮ ತಪ್ಪದು.

ಸಕ್ಕರೆ ಕಾಯಿಲೆ ಇದ್ದವರು ಸ್ಟೀರಾಯ್ಡ್ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ನೋಡಿಕೊಳ್ಳುತ್ತಿರಿ, ಏರುತ್ತದೆ. ಜ್ವರ ಬಂದು ಭುಜ ಕೆಂಪಗೆ ಊದಿದರೆ ಅದು ಸೋಂಕಿರಬಹುದು. ನನ್ನ ಹತ್ತಿರ ಬರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.