ನಾಳೆ, ಇವತ್ತು, ನಿನ್ನೆ: ಇಂಗ್ಲಿಷಿನ ‘ಇಫ್’ ವಾಕ್ಯ ಹಿಡಿಯುವ ದಾರಿ

ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆ ಜಗಲಿಯಲ್ಲಿ ದಿನಾ ಸಂಜೆ ಇಂಗ್ಲಿಷ್ ಪಾಠ ನಡೆಯುತ್ತದೆ. ಪಿಯುಸಿ ಮಕ್ಕಳು ಬರುತ್ತಾರೆ. ನರ್ಸಿಂಗ್ ಮುಗಿಸಿ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು ಬರುತ್ತಾರೆ. ಗಲ್ಫಿಗೆ ಹೊರಟ ಹುಡುಗರೂ ಉಂಟು. ಇವರೆಲ್ಲ ಎಡವುವ ಜಾಗ ಒಂದೇ, ‘ಇಫ್’ ವಾಕ್ಯ.

ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡಿಷನಲ್ ಅಂತ ನಾಲ್ಕು ಹೆಸರು ಎಲ್ಲರಿಗೂ ಬಾಯಿಪಾಠ. ಸೂತ್ರವನ್ನೂ ಕಲಿತಿರುತ್ತಾರೆ. ಆದರೆ ಬಾಯಿ ತೆರೆದಾಗ ನಾಲ್ಕರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಹೆಸರುಗಳನ್ನು ಪಕ್ಕಕ್ಕಿಟ್ಟು ಪಾಠ ಶುರುಮಾಡುತ್ತೇನೆ. ಇಲ್ಲೂ ಹಾಗೆಯೇ ಮಾಡುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಬಾಯಿಬಿಟ್ಟು ಓದಿ. ಈ ಪಾಠ ಕಣ್ಣಿಗಿಂತ ಮೊದಲು ಕಿವಿಗೆ ಹತ್ತಬೇಕು.

ಮೊದಲು ನಮ್ಮ ಮಾತನ್ನೇ ನೋಡೋಣ. ‘ನಾಳೆ ಅವನು ಬಂದರೆ ಹೇಳುತ್ತೇನೆ.’ ಇದರಲ್ಲಿ ‘ಬಂದರೆ’ ಅನ್ನುವುದನ್ನು ಬಿಡಿಸಿ. ‘ಬಂದ’ ಒಂದು, ‘ರೆ’ ಒಂದು. ಮಾತು ನಾಳೆಯದು, ಕ್ರಿಯಾಪದದ ರೂಪ ಮಾತ್ರ ಆಗಿಹೋದ ಕೆಲಸದ್ದು. ಹೋದರೆ, ಮಾಡಿದರೆ, ತಿಂದರೆ, ಎಲ್ಲವೂ ಹಾಗೆಯೇ. ‘ನಾಳೆ ಬರುತ್ತರೆ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಇನ್ನೂ ನಡೆಯದ ಸಂಗತಿಗೆ ಭೂತಕಾಲದ ರೂಪ ಹಾಕುವುದು ನಮಗೆ ಚಿಕ್ಕಂದಿನಿಂದಲೇ ಅಭ್ಯಾಸ. ಹಾಗಾಗಿ ‘ಇಫ್ ಐ ಹ್ಯಾಡ್ ಮನಿ’ ಅಂತ ಇಂಗ್ಲಿಷಿನವರು ಇವತ್ತಿನ ಮಾತಿಗೆ ‘ಹ್ಯಾಡ್’ ಹಾಕಿದರೆ ನೀವು ಗಾಬರಿಯಾಗಬೇಕಾಗಿಲ್ಲ. ಆ ‘ಹ್ಯಾಡ್’ ನಿನ್ನೆಯ ದುಡ್ಡನ್ನು ಹೇಳುತ್ತಿಲ್ಲ. ನನ್ನ ಕೈಯಲ್ಲಿ ದುಡ್ಡಿಲ್ಲ ಅಂತ ಹೇಳುತ್ತಿದೆ.

ಇದನ್ನು ನನಗೆ ಚೆನ್ನಾಗಿ ಬಿಡಿಸಿ ತೋರಿಸಿದವಳು ಮಲ್ಪೆಯಿಂದ ಬರುವ ಒಬ್ಬ ಹುಡುಗಿ. ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅವಳ ಅಪ್ಪ ಹೋಗುವುದು ನಾಡದೋಣಿಯಲ್ಲಿ. ಅದಕ್ಕೆ ನಿಷೇಧ ಇಲ್ಲ, ಆದರೆ ಕಡಲು ಬಿಡಬೇಕಲ್ಲ. ಅವತ್ತು ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ಪಾಠ ಹೇಳಲು ನಾನು ಗಂಟಲು ಏರಿಸಬೇಕಾಗಿತ್ತು. ಅಪ್ಪ ಏನು ಮಾಡುತ್ತಿದ್ದಾರೆ ಅಂತ ಸುಮ್ನೆ ಕೇಳಿದೆ. ‘ಮನೆಯಲ್ಲಿ ಬಲೆ ಹೊಲೀತಿದ್ದಾರೆ ಟೀಚರ್. ನಾಳೆ ಕಡಲು ಸುಮ್ಮನಿದ್ದರೆ ಹೋಗ್ತಾರೆ’ ಅಂದಳು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿದೆ.

ನಾಳೆಯ ಮಾತು: ‘ಇಫ್ ದ ಸೀ ಈಸ್ ಕಾಮ್ ಟುಮಾರೋ, ಮೈ ಫಾದರ್ ವಿಲ್ ಗೋ.’ ಕಡಲು ಸುಮ್ಮನಾಗಲೂಬಹುದು, ಆಗದೆಯೂ ಇರಬಹುದು. ಬಾಗಿಲು ತೆರೆದೇ ಇದೆ.

ಇವತ್ತಿನ ಮಾತು ಹೇಳು ಅಂದೆ. ಇವತ್ತು ಕಡಲಲ್ಲಿ ಅಬ್ಬರ, ಅಪ್ಪ ಮನೆಯಲ್ಲೇ ಇದ್ದಾರೆ. ಸುಮ್ಮನಿರುವ ಕಡಲು ಇವತ್ತು ಬರೀ ಮನಸ್ಸಿನಲ್ಲಿ ಮಾತ್ರ. ಹಾಗಾಗಿ ‘ಇಫ್ ದ ಸೀ ವರ್ ಕಾಮ್ ಟುಡೇ, ಮೈ ಫಾದರ್ ವುಡ್ ಬಿ ಔಟ್ ದೇರ್ ನೌ.’

ನಿನ್ನೆಯ ಮಾತು? ನಿನ್ನೆಯೂ ಅಬ್ಬರವೇ. ಆದರೆ ಅದು ಮುಗಿದು ಹೋಯಿತು, ಇನ್ನು ಬದಲಾಗದು. ‘ಇಫ್ ದ ಸೀ ಹ್ಯಾಡ್ ಬೀನ್ ಕಾಮ್ ಯೆಸ್ಟರ್‌ಡೇ, ಹಿ ವುಡ್ ಹ್ಯಾವ್ ಗಾನ್.’

ಅಪ್ಪನೂ ಅವರೇ, ಕಡಲೂ ಅದೇ, ದಿನ ಮಾತ್ರ ಮೂರು. ನೀವೂ ನಿಮ್ಮ ಮನೆಯ ಒಂದು ಸಂಗತಿಯನ್ನು ಹಿಡಿದು ಹೀಗೆ ಮೂರು ದಿನಕ್ಕೆ ತಿರುಗಿಸಿ ನೋಡಿ. ಹತ್ತು ಬೇರೆ ಬೇರೆ ವಾಕ್ಯ ಬರೆಯುವುದಕ್ಕಿಂತ ಇದರಿಂದ ಲಾಭ ಜಾಸ್ತಿ.

ಅಲ್ಲಿಗೇ ಬಿಡದೆ ಅವಳು ಒಂದು ಪ್ರಶ್ನೆ ಎತ್ತಿದಳು. ‘ಟೀಚರ್, ಕನ್ನಡದಲ್ಲಿ ಇವತ್ತಿಗೂ ನಿನ್ನೆಗೂ ಒಂದೇ ಹೇಳ್ತೇವಲ್ಲ? ಇದ್ದಿದ್ರೆ, ಇದ್ದಿದ್ರೆ.’ ಹೌದು, ನಾವು ಎಡವುವುದು ಅಲ್ಲೇ. ‘ದುಡ್ಡಿದ್ದಿದ್ರೆ ತಗೊಳ್ತಿದ್ದೆ’ ಅಂತ ಕನ್ನಡದಲ್ಲಿ ಹೇಳಿದರೆ ಅದು ಈಗ ಅಂಗಡಿ ಮುಂದೆ ನಿಂತು ಆಡಿದ ಮಾತೂ ಆಗಬಹುದು, ಹೋದ ವರ್ಷದ ಮಾತೂ ಆಗಬಹುದು. ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಹೇಳುವವರೇ ಮಾಡಬೇಕು. ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಇಟ್.’ ಮುಗಿದು ಹೋದದ್ದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್ ಇಟ್.’ ಎರಡು ‘ಹ್ಯಾಡ್’ ಒಟ್ಟಿಗೆ ಬಂದರೆ ತಪ್ಪೇನಲ್ಲ, ಧೈರ್ಯವಾಗಿ ಹೇಳಿ. ಹಾಗಾಗಿ ‘ಇದ್ದಿದ್ದರೆ’ ನಾಲಿಗೆಗೆ ಬಂದ ಕೂಡಲೇ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದು ಈಗಿನ ಮಾತೋ, ಮುಗಿದ ಮಾತೋ? ನನ್ನ ಇಡೀ ಪಾಠದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಪ್ರಶ್ನೆ ಇರಲಿ.

‘ತಗೊಳ್ತಿದ್ದೆ’ಯಲ್ಲಿ ಇನ್ನೊಂದು ತೊಡಕು ಉಂಟು. ‘ಚಿಕ್ಕವನಿದ್ದಾಗ ದಿನಾ ಕಡಲ ಬದಿಗೆ ಹೋಗ್ತಿದ್ದೆ’ ಅನ್ನುವಾಗಲೂ ಇದೇ ರೂಪ. ಅದಕ್ಕೇ ಹುಡುಗರು ‘ಇಫ್ ಐ ಹ್ಯಾಡ್ ಟೈಮ್, ಐ ವಾಸ್ ಗೋಯಿಂಗ್’ ಅಂತ ಬರೆದುಬಿಡುತ್ತಾರೆ. ಇಲ್ಲಿ ‘ವಾಸ್ ಗೋಯಿಂಗ್’ ಸಲ್ಲದು. ನಡೆಯದ ಮಾತಿಗೆ ‘ವುಡ್’ ಬೇಕು.

ನಾಳೆ ಮತ್ತು ಇವತ್ತಿನ ನಡುವೆ ಆರಿಸುವುದು ಬರೀ ದಿನದ ಲೆಕ್ಕ ಅಲ್ಲ. ಅದನ್ನು ನಾನು ಪೆಟ್ಟು ತಿಂದು ಕಲಿತೆ. ಪಾಠ ಹೇಳಲು ಶುರುಮಾಡುವ ಮೊದಲು, 2003ರಲ್ಲಿ, ಮಂಗಳೂರಿನ ಒಂದು ಗೇರುಬೀಜ ರಫ್ತು ಕಚೇರಿಯಲ್ಲಿ ಪತ್ರ ಬರೆಯುವ ಕೆಲಸದಲ್ಲಿದ್ದೆ. ಹೊರದೇಶದ ಒಬ್ಬ ಖರೀದಿದಾರರಿಗೆ ಹೀಗೆ ಬರೆದೆ: ‘ಇಫ್ ಯು ಸೆಂಟ್ ದ ಅಡ್ವಾನ್ಸ್ ಬೈ ಫ್ರೈಡೇ, ವಿ ವುಡ್ ಶಿಪ್ ದ ಟಿನ್ಸ್ ಆನ್ ಮಂಡೇ.’ ‘ವುಡ್’ ಹಾಕಿದರೆ ಮರ್ಯಾದೆ ಜಾಸ್ತಿ ಅಂತ ನನ್ನ ನಂಬಿಕೆ. ಎರಡು ದಿನ ಬಿಟ್ಟು ಉತ್ತರ ಬಂತು. ನಾವು ದುಡ್ಡು ಕಳಿಸುವುದಿಲ್ಲ ಅಂತ ನಿಮಗೆ ಅನುಮಾನವೇ ಅಂತ ಅವರು ಕೇಳಿದ್ದರು. ಮ್ಯಾನೇಜರು ನನ್ನನ್ನು ಕರೆದು ಆ ಉತ್ತರವನ್ನು ನನ್ನ ಮುಂದಿಟ್ಟರು. ನನಗೆ ತುಂಬಾ ಬೇಸರವಾಯಿತು. ಅವಮಾನ ಮಾಡುವ ಉದ್ದೇಶ ನನಗೆ ಇರಲೇ ಇಲ್ಲ.

ಆದದ್ದು ಇಷ್ಟೆ. ಮುಂದಿನ ವಾರದ ಮಾತಿಗೂ ‘ಸೆಂಟ್’, ‘ವುಡ್’ ಹಾಕಬಹುದು. ಆದರೆ ಹಾಕಿದ ಕೂಡಲೇ ಅದು ನಡೆಯುವ ನಂಬಿಕೆ ನನಗೆ ಕಡಿಮೆ ಅನ್ನುವ ಅರ್ಥ ಬರುತ್ತದೆ. ನಾನು ಬರೆಯಬೇಕಾಗಿದ್ದದ್ದು ‘ಇಫ್ ಯು ಸೆಂಡ್ ದ ಅಡ್ವಾನ್ಸ್ ಬೈ ಫ್ರೈಡೇ, ವಿ ವಿಲ್ ಶಿಪ್ ದ ಟಿನ್ಸ್ ಆನ್ ಮಂಡೇ.’ ವ್ಯವಹಾರದಲ್ಲಿ ಮಾತು ಕೊಡುವಾಗ, ಷರತ್ತು ಹೇಳುವಾಗ, ‘ವಿಲ್’ ವಾಕ್ಯವೇ ಸರಿ. ಮರ್ಯಾದೆ ಬೇಕಾದರೆ ಅದಕ್ಕೆ ಬೇರೆ ದಾರಿ ಉಂಟು: ‘ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸೆಂಡ್ ದ ಅಡ್ವಾನ್ಸ್ ಬೈ ಫ್ರೈಡೇ.’ ಇದು ವಿನಂತಿ, ಇದರಲ್ಲಿ ಅನುಮಾನದ ವಾಸನೆ ಇಲ್ಲ. ಕಚೇರಿಯಲ್ಲಿ ಕೆಲಸ ಮಾಡುವವರು ಈ ಎರಡು ವಾಕ್ಯಗಳನ್ನು ಬರೆದಿಟ್ಟುಕೊಳ್ಳಿ.

ಸಲಹೆ ಕೊಡುವಾಗ ಬರುವ ‘ಇಫ್ ಐ ವರ್ ಯು, ಐ ವುಡ್ ಟೇಕ್ ದಟ್ ಜಾಬ್’ ಕೂಡ ಇವತ್ತಿನ ಮಾತಿನದೇ ಜಾತಿ. ನಾನು ನೀವಾಗಲು ಸಾಧ್ಯವೇ ಇಲ್ಲ, ಅದಕ್ಕೆ ‘ವರ್’. ಮಾತಿನಲ್ಲಿ ‘ಇಫ್ ಹಿ ವಾಸ್ ಹಿಯರ್’ ಅಂತಲೂ ಕೇಳುತ್ತೀರಿ, ಪರೀಕ್ಷೆಯಲ್ಲಿ ‘ವರ್’ ಬರೆಯಿರಿ.

ಮೊದಲು ಪಕ್ಕಕ್ಕಿಟ್ಟ ಹೆಸರುಗಳಲ್ಲಿ ನಾಳೆಯದು ಫಸ್ಟ್, ಇವತ್ತಿನದು ಸೆಕೆಂಡ್, ನಿನ್ನೆಯದು ಥರ್ಡ್. ಉಳಿದ ಝೀರೋ ಕಂಡಿಷನಲ್ ಸುಲಭ. ಯಾವತ್ತೂ ನಡೆಯುವ ಸಂಗತಿಗೆ ಅದು. ಕಾವಲಿ ಕಾಯದಿದ್ದರೆ ನೀರುದೋಸೆ ಏಳುವುದಿಲ್ಲ: ‘ಇಫ್ ದ ಪ್ಯಾನ್ ಈಸ್ ನಾಟ್ ಹಾಟ್, ದ ದೋಸಾ ಸ್ಟಿಕ್ಸ್.’ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ನಮ್ಮಲ್ಲಿ ಡಿಸೆಂಬರಿನ ಬೆಳಗ್ಗೆ ಬಾಟಲಿ ನೋಡಿದರೆ ಗೊತ್ತಾಗುತ್ತದೆ: ‘ಇಫ್ ಕೋಕನಟ್ ಆಯಿಲ್ ಗೆಟ್ಸ್ ಕೋಲ್ಡ್, ಇಟ್ ಟರ್ನ್ಸ್ ಸಾಲಿಡ್.’ ಎರಡೂ ಕಡೆ ವರ್ತಮಾನಕಾಲ. ‘ಇಫ್’ ತೆಗೆದು ‘ವೆನ್’ ಹಾಕಿ ನೋಡಿ. ಅರ್ಥ ಹಾಗೆಯೇ ಉಳಿದರೆ ಅದು ಝೀರೋ.

ಇನ್ನು ನನ್ನ ಕೆಂಪು ಪೆನ್ನು ದಿನಾ ಓಡುವ ಜಾಗಗಳು.

‘ಇಫ್’ ಇರುವ ಭಾಗದಲ್ಲಿ ‘ವಿಲ್’ ಬೇಡ, ‘ವುಡ್’ ಕೂಡ ಬೇಡ. ಮಳೆಗಾಲದಲ್ಲಿ ನಮ್ಮ ಮಕ್ಕಳ ಆಸೆ ಒಂದೇ, ಡೀಸಿ ರಜೆ ಕೊಡಬೇಕು. ‘ಇಫ್ ಇಟ್ ವಿಲ್ ರೈನ್ ಟುನೈಟ್’ ಅಂತ ಶುರುಮಾಡುತ್ತಾರೆ. ರಾತ್ರಿ ಇನ್ನೂ ಬರಬೇಕಲ್ಲ, ಅದಕ್ಕೆ ‘ವಿಲ್’ ಅಂತ ಅವರ ಲೆಕ್ಕ. ‘ಬಂದರೆ’ಯನ್ನು ನೆನಪಿಸುತ್ತೇನೆ. ನಮ್ಮಲ್ಲೂ ‘ರೆ’ ಇರುವ ಕಡೆ ಭವಿಷ್ಯತ್ ಕಾಲ ಇಲ್ಲ. ‘ಇಫ್ ಇಟ್ ರೈನ್ಸ್ ಲೈಕ್ ದಿಸ್ ಟುನೈಟ್, ದ ಡೀಸಿ ವಿಲ್ ಡಿಕ್ಲೇರ್ ಎ ಹಾಲಿಡೇ.’ ಹಾಗೆಯೇ ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ’ ಅಲ್ಲ, ‘ಇಫ್ ಯು ಹ್ಯಾಡ್ ಟೋಲ್ಡ್ ಮಿ’. ‘ಇಫ್ ಯು ವಿಲ್ ವೇಟ್ ಎ ಮಿನಿಟ್’ ಅಂತ ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಕೇಳಿರಬಹುದು. ಅದು ದಯವಿಟ್ಟು ಕಾಯುತ್ತೀರಾ ಅನ್ನುವ ಅರ್ಥದ್ದು, ಅದನ್ನು ಇದರ ಜೊತೆ ಬೆರೆಸಬೇಡಿ.

‘ರೈನ್ ಕೇಮ್ ಮೀನ್ಸ್ ಕರೆಂಟ್ ವಿಲ್ ಗೋ.’ ಈ ವಾಕ್ಯ ಎಲ್ಲಿಂದ ಹುಟ್ಟುತ್ತದೆ ಗೊತ್ತಾ? ‘ಮಳೆ ಬಂತು ಅಂದ್ರೆ’ಯಿಂದ. ‘ಅಂದರೆ’ಗೆ ‘ಮೀನ್ಸ್’ ಅಂತ ಒಂದು ಅರ್ಥ ಉಂಟು, ನಿಜ. ಆದರೆ ಅದರ ಹೊಟ್ಟೆಯಲ್ಲೂ ಅದೇ ‘ರೆ’ ಕೂತಿದೆ. ‘ಯಾಕಂದರೆ’ ಬಿಡಿಸಿದರೆ ‘ಯಾಕೆ ಅಂದರೆ’. ತುಳುವಿನ ‘ದಾಯೆ ಪಂಡ’ ಕೂಡ ಹಾಗೆಯೇ. ಷರತ್ತು ಹೇಳುವ ‘ಅಂದ್ರೆ’ಗೆ ಇಂಗ್ಲಿಷಿನಲ್ಲಿ ‘ಇಫ್’ ಅಥವಾ ‘ವೆನ್’ ಹಾಕಿ: ‘ವೆನ್ ಇಟ್ ರೈನ್ಸ್, ದ ಪವರ್ ಗೋಸ್ ಆಫ್.’ ‘ಇಫ್ ಸಪೋಸ್’ ಅಂತ ಎರಡನ್ನೂ ಒಟ್ಟಿಗೆ ಹೇಳುವ ಅಭ್ಯಾಸವನ್ನೂ ಬಿಡಿ, ಒಂದು ಸಾಕು.

‘ಅನ್‌ಲೆಸ್’ ಒಳಗೆ ‘ಇಲ್ಲ’ ಆಗಲೇ ಇದೆ. ‘ಅನ್‌ಲೆಸ್ ದ ವಿಂಡ್ ಡಸ್ ನಾಟ್ ಡ್ರಾಪ್’ ಅಂದರೆ ಅರ್ಥ ತಿರುಗಿ ಹೋಗುತ್ತದೆ. ‘ಅನ್‌ಲೆಸ್ ದ ವಿಂಡ್ ಡ್ರಾಪ್ಸ್, ದ ಬೋಟ್ ವಿಲ್ ನಾಟ್ ಗೋ ಟು ಸೇಂಟ್ ಮೇರೀಸ್ ಐಲ್ಯಾಂಡ್.’ ಗಾಳಿ ಇಳಿಯದ ಹೊರತು ಬೋಟು ಹೋಗದು.

‘ಬಂದರೂ’ ವಿಷಯದಲ್ಲಿ ಓದಿದವರೂ ತಪ್ಪುತ್ತಾರೆ. ‘ಮಳೆ ಬಂದರೂ ಆಟ ನಡೆಯುತ್ತದೆ’ ಅಂದರೆ ಮಳೆ ಬರುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ, ಅದಕ್ಕೆ ‘ಈವನ್ ಇಫ್ ಇಟ್ ರೈನ್ಸ್’. ‘ಮಳೆ ಬಂದರೂ ಆಟ ನಡೆಯಿತು’ ಅಂದರೆ ಮಳೆ ಬಂದದ್ದು ನಿಜ, ಜನ ಬೆಳಗಿನವರೆಗೆ ಕೂತು ಯಕ್ಷಗಾನ ನೋಡಿದ್ದೂ ನಿಜ. ಅದಕ್ಕೆ ‘ದೋ ಇಟ್ ರೈನ್ಡ್’. ಕನ್ನಡದ ಒಂದು ‘ರೂ’ಗೆ ಇಂಗ್ಲಿಷಿನಲ್ಲಿ ಎರಡು ಮುಖ.

ಕೇಳುವಾಗ ಗೊಂದಲ ಮಾಡುವುದು ಆ ಗಿಡ್ಡ ‘ಡ್’. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್.’ ಎರಡೂ ಕಿವಿಗೆ ಒಂದೇ. ಮೊದಲನೆಯದು ‘ಹ್ಯಾಡ್’, ಎರಡನೆಯದು ‘ವುಡ್’. ‘ಇಫ್’ ಪಕ್ಕದ್ದು ‘ಹ್ಯಾಡ್’ ಅಂತ ಇಟ್ಟುಕೊಂಡರೆ ಐಇಎಲ್‌ಟಿಎಸ್ ಲಿಸನಿಂಗಿನಲ್ಲಿ ತಪ್ಪುವುದಿಲ್ಲ.

ಷರತ್ತು ಒಂದು ದಿನದ್ದು, ಫಲ ಇನ್ನೊಂದು ದಿನದ್ದು ಆದರೆ? ಎರಡನ್ನೂ ಅದರದರ ದಿನಕ್ಕೆ ಸರಿಯಾಗಿ ಹೇಳಿದರಾಯಿತು. ‘ಅಣ್ಣ ಆಗ ಆ ಕೆಲಸಕ್ಕೆ ಸೇರಿದ್ದರೆ ಈಗ ದುಬೈಯಲ್ಲಿ ಇರುತ್ತಿದ್ದ.’ ಸೇರದೆ ಇದ್ದದ್ದು ಹಿಂದೆ, ಇಲ್ಲಿ ಇರುವುದು ಈಗ: ‘ಇಫ್ ಹಿ ಹ್ಯಾಡ್ ಟೇಕನ್ ದಟ್ ಜಾಬ್, ಹಿ ವುಡ್ ಬಿ ಇನ್ ದುಬೈ ನೌ.’

ಬರೆಯುವಾಗ ‘ಇಫ್’ ಮೊದಲು ಬಂದರೆ ನಡುವೆ ಅಲ್ಪವಿರಾಮ, ಆಮೇಲೆ ಬಂದರೆ ಬೇಡ.

ಈಗ ಮೂರು ವಾಕ್ಯ ನಿಮಗೆ. ಉತ್ತರ ನೋಡುವ ಮೊದಲು ಬಾಯಲ್ಲಿ ಹೇಳಿ. ಬಸ್ ಬೇಗ ಸಿಕ್ಕಿದರೆ ಆರು ಗಂಟೆಗೆ ತಲುಪುತ್ತೇನೆ. ನನಗೆ ತುಳು ಬರುತ್ತಿದ್ದರೆ ಪಕ್ಕದ ಮನೆ ಅಜ್ಜಿ ಹತ್ತಿರ ಮಾತಾಡುತ್ತಿದ್ದೆ. ನಿನ್ನೆ ಕೊಡೆ ತಂದಿದ್ದರೆ ಒದ್ದೆಯಾಗುತ್ತಿರಲಿಲ್ಲ.

ಉತ್ತರ: ‘ಇಫ್ ಐ ಗೆಟ್ ಎ ಬಸ್ ಸೂನ್, ಐ ವಿಲ್ ರೀಚ್ ಬೈ ಸಿಕ್ಸ್.’ ‘ಇಫ್ ಐ ನ್ಯೂ ತುಳು, ಐ ವುಡ್ ಟಾಕ್ ಟು ದ ಓಲ್ಡ್ ಲೇಡಿ ನೆಕ್ಸ್ಟ್ ಡೋರ್.’ ‘ಇಫ್ ಐ ಹ್ಯಾಡ್ ಬ್ರಾಟ್ ಆನ್ ಅಂಬ್ರೆಲಾ ಯೆಸ್ಟರ್‌ಡೇ, ಐ ವುಡ್ ನಾಟ್ ಹ್ಯಾವ್ ಗಾಟ್ ವೆಟ್.’

ಇನ್ನು ಹದಿನೈದು ದಿನ, ರಾತ್ರಿ ಮಲಗುವ ಮೊದಲು, ಮೂರೇ ಮೂರು ಸಾಲು ಬರೆಯಿರಿ. ನಾಳೆಯದು ಒಂದು, ಇವತ್ತಿನದು ಒಂದು, ನಿನ್ನೆಯದು ಒಂದು. ನಿಮ್ಮ ಮನೆಯದೇ ಸಂಗತಿ ಇರಲಿ, ಪುಸ್ತಕದ್ದು ಬೇಡ. ಮಲ್ಪೆಯ ಹುಡುಗಿ ಹಾಗೆಯೇ ಬರೆಯುತ್ತಿದ್ದಳು. ಜುಲೈ ಕೊನೆಯಲ್ಲಿ ಒಂದು ದಿನ ಅವಳ ಪುಸ್ತಕ ತಿದ್ದಲು ತೆಗೆದುಕೊಂಡೆ. ನಿನ್ನೆಯದು ಹೀಗಿತ್ತು: ‘ಇಫ್ ಮೈ ಫಾದರ್ ಹ್ಯಾಡ್ ಗಾನ್ ಯೆಸ್ಟರ್‌ಡೇ, ಹಿ ವುಡ್ ಹ್ಯಾವ್ ಬ್ರಾಟ್ ಬಂಗುಡೆ.’ ಅದರ ಕೆಳಗೆ ನಾಳೆಯದು: ‘ಇಫ್ ಹಿ ಗೋಸ್ ಟುಮಾರೋ, ಐ ವಿಲ್ ಬ್ರಿಂಗ್ ಯು ಸಮ್, ಟೀಚರ್.’