ಅಪ್ಪನ ಜೋಡಿ ನಳಿಗೆ ಬಂದೂಕು ಮಾರಿದ್ದು ಹೀಗೆ

ನಮ್ಮ ಕಡೆ ಬೈಕ್ ಮಾರಿದರೆ ಅದೇ ದಿನ ಕೀಲಿ ಕೊಟ್ಟುಬಿಡುತ್ತೇವೆ. ಆರ್‌ಸಿಯಲ್ಲಿ ಹೆಸರು ಬದಲಾಗೋದು ಆಮೇಲೆ, ಎಷ್ಟೋ ಸಲ ಆಗೋದೇ ಇಲ್ಲ. ನನ್ನ ಹಳೇ ಲೂನಾ ಇನ್ನೂ ನನ್ನ ಹೆಸರಲ್ಲೇ ಯಾವುದೋ ಊರಲ್ಲಿ ಓಡಾಡ್ತಿರಬಹುದು, ಇಲ್ಲಾ ಗುಜರಿಗೆ ಹೋಗಿರಬಹುದು, ನನಗೆ ಗೊತ್ತಿಲ್ಲ. ಅದೇ ರೂಢಿಯಲ್ಲಿ ಬಂದೂಕನ್ನೂ ಕೊಟ್ಟುಬಿಡುವವನಿದ್ದೆ. ಕೊಡಲಿಲ್ಲ, ಅದಕ್ಕೇ ಇದನ್ನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಕುಷ್ಟಗಿ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಲೈಸೆನ್ಸ್ ಮಾಡಿಸಿದ್ದು 1979ರಲ್ಲಿ, ಆಗ ನಾವೆಲ್ಲ ರಾಯಚೂರು ಜಿಲ್ಲೆ. ಹನ್ನೆರಡು ಬೋರಿನ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಜೋಡಿ ನಳಿಗೆ ಬಂದೂಕು. ಶೇಂಗಾಕ್ಕೆ ಬೀಳುವ ಹಂದಿ ಬೆದರಿಸೋಕೆ ಅಂತ ತಂದದ್ದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಯಿತು, ಮರುವರ್ಷ ಅಪ್ಪ ತೀರಿಕೊಂಡರು. ತಮ್ಮಂದಿರು ಒಪ್ಪಿಗೆ ಪತ್ರ ಬರೆದುಕೊಟ್ಟ ಮೇಲೆ 1999ರಲ್ಲಿ ನನ್ನ ಹೆಸರಿಗೆ ಲೈಸೆನ್ಸ್ ಬಂತು. ಅಲ್ಲಿಂದ ಇಲ್ಲಿವರೆಗೆ ನಾನು ಅದರಿಂದ ಗುಂಡು ಹಾರಿಸಿದ್ದು ಹತ್ತು ಸಲ ಇರಬಹುದು. ಕಾಗದ ಹಿಡಿದು ಓಡಾಡಿದ್ದೇ ಜಾಸ್ತಿ. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ (2019ರ ತಿದ್ದುಪಡಿ ಆದಮೇಲೆ ಅದು ಐದು ವರ್ಷ ಆಗಿದೆ), ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಯ್ದು ಒಪ್ಪಿಸೋದು, ಮುಗಿದ ಮೇಲೆ ಮತ್ತೆ ತರೋದು.

ಈಗ ನಾವು ಕೊಪ್ಪಳದಲ್ಲಿದ್ದೇವೆ, ಹೊಲ ಲಾವಣಿಗೆ ಕೊಟ್ಟಿದ್ದೇವೆ. ಬಂದೂಕು ಅಲ್ಮಾರದಲ್ಲಿ ಸೀರೆಗಳ ಹಿಂದೆ ಇತ್ತು. ಮಗನನ್ನ ಕೇಳಿದೆ. ಲೈಸೆನ್ಸ್‌ದಾರನಿಗೆ 70 ವರ್ಷ ಆದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ತುಂಬಿದರೆ, ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಿಕೊಳ್ಳಬಹುದು ಅಂತ 2016ರ ನಿಯಮದಲ್ಲಿದೆ. ಅವನು ಬೆಂಗಳೂರಿಂದ ಫೋನಲ್ಲೇ ನಕ್ಕ. "ಅಪ್ಪಾ, ಇಲ್ಲಿ ಬಾಡಿಗಿ ಮನಿಯೊಳಗ ಬಂದೂಕ ಇಟ್ಟೀನಂದ್ರ ಓನರ್ ನನ್ನ ಹೊರಗ ಹಾಕ್ತಾನ" ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ತಗೊಳ್ಳೋಕೆ ಬಂದವನು ಅಕ್ಕನ ಮನೆ ಕಡೆಯ ಸಂಬಂಧದ ಹುಡುಗ. ಹುಡುಗ ಅಂದರೆ ನಲವತ್ತರ ಆಸುಪಾಸು, ದಾಳಿಂಬೆ ತೋಟ ಮಾಡಿದ್ದಾನೆ. ಲೈಸೆನ್ಸ್ ಆಗಿ ಕೈಗೆ ಬಂದಿತ್ತು, ಬಂದೂಕು ಇನ್ನೂ ತಗೊಂಡಿರಲಿಲ್ಲ. ಮೊದಲ ದಿನವೇ ಕಾರ್ ತಂದಿದ್ದ. "ಕಾಕಾ, ಇವತ್ತ ಒಯ್ತೀನ್ರಿ, ರಾತ್ರಿ ಹಂದಿ ಕಾಟ ಭಾಳ ಆಗೇತಿ. ಕಾಗದ ಆಮ್ಯಾಲೆ ಮಾಡ್ಸೋಣ, ನಾವೇನ್ ಹೊರಗಿನವ್ರಾ?" ನನ್ನ ಹೆಂಡತಿಯೂ ಪೀಡೆ ಹೋಗಲಿ, ಕೊಟ್ಟುಬಿಡಿ ಅಂದಳು. ಚಹಾ ಕುಡಿಯುತ್ತಾ ನಾನು ಅಂದುಕೊಂಡೆ, ಇವತ್ತು ರಾತ್ರಿ ತೋಟದಲ್ಲಿ ಏನಾದರೂ ಆದರೆ? ಲೈಸೆನ್ಸ್ ಪುಸ್ತಕದಲ್ಲಿ ಹೆಸರು ನನ್ನದು, ಬಂದೂಕು ಅವನ ಕೈಯಲ್ಲಿ. ಇಬ್ಬರೂ ಒಳಗೆ. ಅವನ ಲೈಸೆನ್ಸ್ ಖರೆ ಇದ್ದರೂ ಅದರಲ್ಲಿ ಈ ಬಂದೂಕು ಇಲ್ಲವಲ್ಲ. ಅವತ್ತು ಚಹಾ, ಚುರುಮುರಿ ಕೊಟ್ಟು ಬರಿಗೈಲಿ ಕಳಿಸಿದೆ. ಸ್ವಲ್ಪ ಮುಖ ಬಾಡಿತು ಅವನದು.

ಕಾನೂನು ನಿಜಕ್ಕೂ ಅಷ್ಟು ಗೋಜಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಕಲಂನಲ್ಲಿದೆ. ಸ್ವಂತಕ್ಕೆ ಅಂತ ಕಾನೂನುಬದ್ಧವಾಗಿ ಇಟ್ಟುಕೊಂಡ ಬಂದೂಕನ್ನ ಮಾರೋಕೆ ಅಂಗಡಿ ಲೈಸೆನ್ಸ್ ಬೇಕಿಲ್ಲ, ಇಟ್ಟುಕೊಳ್ಳೋ ಹಕ್ಕಿರುವ ಇನ್ನೊಬ್ಬರಿಗೆ ನೇರ ಮಾರಬಹುದು. ಆದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಡಿಸಿಯವರಿಗೆ, ಇಲ್ಲವೇ ಹತ್ತಿರದ ಠಾಣೆಯ ಅಧಿಕಾರಿಗೆ ಯಾರಿಗೆ ಮಾರ್ತೀನಿ ಅಂತ ಹೆಸರು, ವಿಳಾಸ ಸಮೇತ ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು. ಅಲ್ಲಿವರೆಗೆ ಬಂದೂಕು ಕದಲುವ ಹಾಗಿಲ್ಲ. ಕೊಡಗಿನ ಗೆಳೆಯರೊಬ್ಬರಿಗೆ ಹೇಳಿದರೆ ಅವರಿಗೆ ಆಶ್ಚರ್ಯ. ಅಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ನಮಗೆಲ್ಲಿಯ ಆ ಭಾಗ್ಯ.

ಅರ್ಜಿ ಬರೆಯೋ ಮುಂಚೆ ಅವನ ಲೈಸೆನ್ಸ್ ನೋಡಿದೆ. ವಾಟ್ಸಾಪಲ್ಲಿ ಫೋಟೋ ಕಳಿಸ್ತೀನಿ ಅಂದ, ಬೇಡ, ಪುಸ್ತಕವೇ ತಗೊಂಡು ಬಾ ಅಂದೆ. ಯುಐಎನ್, ಅಂದರೆ ಲೈಸೆನ್ಸ್‌ದಾರನಿಗೆ ಕೊಡುವ ಗುರುತಿನ ನಂಬರ್ ಇದೆಯಾ, ಅವಧಿ ಎಲ್ಲಿವರೆಗಿದೆ, ಯಾವ ನಮೂನೆ ಬಂದೂಕಿಗೆ ಕೊಟ್ಟಿದ್ದಾರೆ ಅಂತ ನೋಡಬೇಕು. ರಿವಾಲ್ವರಿಗೆ ಅಂತ ಕೊಟ್ಟ ಲೈಸೆನ್ಸ್ ಹಿಡ್ಕೊಂಡು ಹನ್ನೆರಡು ಬೋರ್ ತಗೊಳ್ಳೋಕೆ ಆಗಲ್ಲ. ಆಗಲೇ ಎಷ್ಟು ಬಂದೂಕು ಹೆಸರಲ್ಲಿವೆ ಅನ್ನೋದೂ ಮುಖ್ಯ. ಮೊದಲು ಒಬ್ಬರಿಗೆ ಮೂರಿತ್ತು, 2019ರಿಂದ ಎರಡೇ. ಅವನದೆಲ್ಲ ಸರಿ ಇತ್ತು.

ತಪ್ಪಿದ್ದದ್ದು ನನ್ನ ಹತ್ತಿರ.

ಅರ್ಜಿಯಲ್ಲಿ ಬಂದೂಕಿನ ನಂಬರ್ ಬರೀಬೇಕಲ್ವಾ, ಪುಸ್ತಕ ನೋಡಿ ಬರೆದೆ. ಆಮೇಲೆ ಏನನ್ನಿಸಿತೋ, ಬಂದೂಕಿನ ಮೇಲೇ ಒಂದು ಸಲ ನೋಡೋಣ ಅಂತ ಹೊರಗೆ ತೆಗೆದೆ. ಪಡಸಾಲೆಯಲ್ಲಿ ಹಳೇ ಚಾದರ ಹಾಸಿ, ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇವೆ ಅಂತ ಬೆರಳು ಹಾಕಿ ನೋಡಿಕೊಂಡು, ನಳಿಗೆ ಕೆಳಗಿನ ಮರದ ತುಂಡು ಬಿಚ್ಚಿದೆ. ನಂಬರ್ ಇರೋದು ಅಲ್ಲಿ, ಒಳಗಡೆ ಚಪ್ಪಟೆ ಜಾಗದಲ್ಲಿ. ವರ್ಷಗಟ್ಟಲೆ ಎಣ್ಣೆ ಕೂತು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಚ್ಚಿ ಹಳೇ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ, ಟಾರ್ಚ್ ಓರೆ ಹಿಡಿದು ನೋಡಿದರೆ ನಾಲ್ಕನೇ ಅಂಕಿ 3. ಪುಸ್ತಕದಲ್ಲಿ 8. ಕನ್ನಡಕ ಬದಲಾಯಿಸಿ ನೋಡಿದೆ, ಹೆಂಡತಿಗೂ ತೋರಿಸಿದೆ. 3 ಅಂತಲೇ ಅಂದಳು. ಅಪ್ಪನ ಹಳೇ ಪುಸ್ತಕದ ಝೆರಾಕ್ಸ್ ಹುಡುಕಿ ತೆಗೆದರೆ ಅದರಲ್ಲೂ 3. ಅಂದರೆ ಹಳೇ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವಾಗ ಯಾರದೋ ಕೈ ತಪ್ಪಿದೆ, 25 ವರ್ಷ ನಾನೂ ನೋಡಿಲ್ಲ. ಎಲೆಕ್ಷನ್‌ಗೆ ಒಪ್ಪಿಸುವಾಗ ಕೊಟ್ಟ ರಸೀದಿಗಳಲ್ಲೂ ಪುಸ್ತಕ ನೋಡಿಯೇ 8 ಬರೆದಿದ್ದಾರೆ.

ಲೆಕ್ಕ ಹಾಕಿದರೆ ನನ್ನ ಲೈಸೆನ್ಸಿನಲ್ಲಿದ್ದ ಬಂದೂಕು ನನ್ನ ಹತ್ತಿರ ಇರಲೇ ಇಲ್ಲ. ನನ್ನ ಹತ್ತಿರ ಇದ್ದದ್ದಕ್ಕೆ ಲೈಸೆನ್ಸ್ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ನೋಡಿ. ಪರಿಚಯದ ವಕೀಲರು, ಮುಚ್ಚಿಡಬೇಡಿ, ನೀವೇ ಹೋಗಿ ಬರೆದುಕೊಡಿ, ಹಳೇ ಝೆರಾಕ್ಸ್ ಇರೋದೇ ನಿಮ್ಮ ಪುಣ್ಯ ಅಂದರು. ಮಾರಾಟದ ಅರ್ಜಿ ಒಂದು, ನಂಬರ್ ತಿದ್ದುಪಡಿ ಅರ್ಜಿ ಒಂದು, ಎರಡನ್ನೂ ಬೇರೆ ಬೇರೆ ಬರೆದೆ.

ಗವಿಮಠದ ಜಾತ್ರೆ ಮುಗಿದಿತ್ತು. 2024ರ ಫೆಬ್ರವರಿ 5, ಸೋಮವಾರ ಕೊಟ್ಟೆ. ಡಿಸಿ ಆಫೀಸಿಗೊಂದು, ಠಾಣೆಗೊಂದು. ಎರಡರಲ್ಲಿ ಒಂದು ಕಡೆ ಕೊಟ್ಟರೂ ಕಾಯ್ದೆಗೆ ಸಾಕು, ಆದರೂ ಎರಡೂ ಕಡೆ ಕೊಟ್ಟು ನನ್ನ ಪ್ರತಿ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡೆ. ಈ ಸೀಲಿಗೆ ಮಾತ್ರ ಸಂಕೋಚ ಮಾಡಬಾರದು. 45 ದಿನದ ಲೆಕ್ಕ ಶುರುವಾಗೋದು ಆ ತಾರೀಕಿನಿಂದ, ನಮ್ಮ ಹತ್ತಿರ ತಾರೀಕಿಲ್ಲ ಅಂದರೆ ನಾಳೆ ಯಾರನ್ನ ಕೇಳೋದು? ಇದ್ದ ಆರು ಕಾಡತೂಸಿನ ವಿಷಯವನ್ನೂ ಅರ್ಜಿಯಲ್ಲಿ ಬರೆದೆ. ಅವು ಹಳೇವು, ತೇವಕ್ಕೆ ಉಬ್ಬಿದ್ದವು. ಅವನ್ನ ಅವನಿಗೆ ಕೊಡದೆ ಠಾಣೆಗೆ ಒಪ್ಪಿಸಿಬಿಟ್ಟೆ.

ಪೊಲೀಸರು ಎರಡೂ ಮನೆಗೆ ಬಂದು ಹೋದರು. ನನ್ನ ಹತ್ತಿರ ಯಾಕೆ ಮಾರ್ತೀರಿ ಅಂತ ಕೇಳಿದರು, ವಯಸ್ಸಾಯ್ತು ಅಂದೆ. ಅವನ ಮನೆಯಲ್ಲಿ ಬಂದೂಕು ಎಲ್ಲಿಡ್ತೀಯಾ, ಬೀಗ ತೋರಿಸು ಅಂದರಂತೆ.

ದಿನ ಎಣಿಸುತ್ತಿದ್ದೆವು, ಮಾರ್ಚ್ 21ಕ್ಕೆ 45 ತುಂಬೋದು. ಮಾರ್ಚ್ 16ಕ್ಕೆ ಲೋಕಸಭೆ ಎಲೆಕ್ಷನ್ ಘೋಷಣೆ ಆಯಿತು, ನೀತಿ ಸಂಹಿತೆ ಬಂತು. ಐದೇ ದಿನ! ಬಂದೂಕು ಒಪ್ಪಿಸಿ ಅಂತ ಠಾಣೆಯಿಂದ ಫೋನ್ ಬಂತು. ಒಯ್ದು ಕೊಟ್ಟೆ. ಈ ಸಲ ರಸೀದಿ ಬರೆಯುವಾಗ ಪಕ್ಕದಲ್ಲೇ ನಿಂತು, ಸರ್, ಪುಸ್ತಕ ನೋಡಬೇಡಿ, ಬಂದೂಕು ನೋಡಿ ಬರೀರಿ, ತಿದ್ದುಪಡಿಗೆ ಅರ್ಜಿ ಕೊಟ್ಟೀನಿ ಅಂತ ಸೀಲಿದ್ದ ಪ್ರತಿ ತೋರಿಸಿದೆ. ಆ ಕಾನ್‌ಸ್ಟೇಬಲ್ ಒಳ್ಳೆಯವನು, ಎರಡೂ ನಂಬರ್ ಬರೆದು ಪಕ್ಕಕ್ಕೆ ಷರಾ ಹಾಕಿಕೊಟ್ಟ. ನಮ್ಮ ಹುಡುಗ ಮಾತ್ರ ದಿನಾ ಫೋನ್. "ಕಾಕಾ, ಎಲೆಕ್ಷನ್‌ಗೂ ಹಂದಿಗೂ ಏನ್ ಸಂಬಂಧರೀ?" ನನಗೇನು ಗೊತ್ತಪ್ಪಾ. ಮೇ 7ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ. ಅಲ್ಲಿವರೆಗೆ ಅವನು ತೋಟದಲ್ಲಿ ಡಬ್ಬಿ ಬಡಿದೇ ಕಾಲ ಕಳೆದ. ಸುಮ್ನೆ ಹೇಳ್ತೀನಿ, ಡಬ್ಬಿಗೂ ಬಂದೂಕಿಗೂ ಅಂಥಾ ವ್ಯತ್ಯಾಸ ಏನಿಲ್ಲ, ಎರಡೂ ಸಪ್ಪಳಕ್ಕೇ. ಲೈಸೆನ್ಸ್ ಇದೆ ಅಂತ ಹಂದಿನೋ ಕರಡಿನೋ ಹೊಡೆದರೆ ಅರಣ್ಯ ಇಲಾಖೆಯ ಕೇಸ್ ಬೇರೆ. ಇದನ್ನ ಅವನಿಗೆ ಎರಡು ಸಲ ಹೇಳಿದ್ದೇನೆ.

ಕಾರಹುಣ್ಣಿಮೆ ಕಳೆದ ಮೇಲೆ ತಿದ್ದುಪಡಿ ಮೊದಲು ಆಯಿತು, ಅದರ ಹಿಂದೆ ಮಾರಾಟದ ಅನುಮತಿ ಪತ್ರ ಬಂತು. ಅದರಲ್ಲಿ ಇಬ್ಬರ ಹೆಸರು, ಇಬ್ಬರ ಲೈಸೆನ್ಸ್ ನಂಬರ್, ಬಂದೂಕಿನ ನಂಬರ್, 3 ಇರುವ ಸರಿಯಾದ ನಂಬರ್. ಅವತ್ತು ಇಬ್ಬರೂ ಒಟ್ಟಿಗೆ ಡಿಸಿ ಆಫೀಸಿಗೆ ಹೋದೆವು. ಬಂದೂಕು ಖಾಲಿ, ಬಿಚ್ಚಿ ಚೀಲದಲ್ಲಿ ಹಾಕಿ, ನನ್ನ ಪುಸ್ತಕ ನನ್ನ ಜೇಬಲ್ಲೇ ಇತ್ತು. ಯಾಕೆಂದರೆ ಅವನ ಪುಸ್ತಕದಲ್ಲಿ ದಾಖಲಾಗುವವರೆಗೆ ಅದನ್ನ ಹಿಡಿಯಬೇಕಾದವನು ನಾನೇ. ನಂಬರ್ ತಾಳೆ ನೋಡಿದರು, ಅವನ ಪುಸ್ತಕದಲ್ಲಿ ಬರೆದರು, ನನ್ನದರಿಂದ ತೆಗೆದರು. ಆಮೇಲೆ ಚೀಲ ಅವನ ಕೈಗೆ ಕೊಟ್ಟೆ. ದುಡ್ಡು ಬ್ಯಾಂಕಿನ ಮೂಲಕವೇ ಹಾಕಿಸಿಕೊಂಡೆ, ಒಂದು ಹಾಳೆಯಲ್ಲಿ ತಾರೀಕು, ಹೊತ್ತು ಬರೆದು ಇಬ್ಬರೂ ಸಹಿ ಮಾಡಿದೆವು. ಬೆಲೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಒಂದು ಒಳ್ಳೆ ಎಮ್ಮೆ ರೇಟು ಬರಲಿಲ್ಲ ಅಂತ ಇಟ್ಟುಕೊಳ್ಳಿ. ಬೇರೆ ಬಂದೂಕು ಇಲ್ಲದ್ದರಿಂದ ನನ್ನ ಲೈಸೆನ್ಸನ್ನೂ ವಾಪಸ್ ಒಪ್ಪಿಸಿದೆ.

ದೀಪಾವಳಿ ಹೊತ್ತಿಗೆ ಠಾಣೆಯಿಂದ ಒಂದು ಫೋನ್ ಬಂತು. ಹೊಸಬರು, ಲೈಸೆನ್ಸ್‌ದಾರರ ಪಟ್ಟಿ ತಾಳೆ ನೋಡ್ತಿದ್ದರಂತೆ, ನಿಮ್ಮ ಬಂದೂಕು ಎಲ್ಲಿದೆ ಅಂದರು. ಮಾರಿದೀನಿ ಸರ್ ಅಂದೆ. ಯಾರಿಗೆ, ಯಾವಾಗ ಅಂತ ದನಿ ಗಟ್ಟಿಯಾಯಿತು. ಅನುಮತಿ ಪತ್ರ, ಸಹಿ ಹಾಕಿದ ಹಾಳೆ, ಎರಡರದೂ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಅವರೇ ಫೋನ್ ಮಾಡಿದರು.

"ಸರಿ ಐತ್ರಿ. ಈ ನಂಬರಿನ್ಯಾಗ 3 ಏನ್ರಿ, 8 ಏನ್ರಿ?"