ಉಪ್ಪಿನ ಗಂಟು ಕಟ್ಟುವುದೂ ಮರೆತುಹೋಯಿತಾ?

ಮೊನ್ನೆ ಮೊಮ್ಮಗಳು ಬಂದಿದ್ದಳು. ಮುಟ್ಟಿನ ಮೊದಲ ದಿನ, ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುರುಟಿ ಮಲಗಿದ್ದಾಳೆ. ಪಕ್ಕದಲ್ಲಿ ಬಿಸಿನೀರಿನ ಚೀಲ. ಮುಟ್ಟಿದರೆ ಕೈ ಚುರ್ ಅಂತು! ಕುದ್ದ ನೀರನ್ನು ಹಾಗೇ ಬಾಯಿವರೆಗೂ ತುಂಬಿದ್ದಾಳೆ. ರಬ್ಬರು ಅದನ್ನು ತಡೆಯುತ್ತದಾ? ಕುದಿ ಇಳಿದ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಬೇಕು, ಒತ್ತಿ ಗಾಳಿ ತೆಗೆದು ಮುಚ್ಚಬೇಕು, ಮೇಲೊಂದು ಟವಲ್ ಸುತ್ತಬೇಕು. ಇಷ್ಟನ್ನೂ ಹೇಳಿಕೊಡಬೇಕಾ?

ಶಾಖ ಕೊಡೋಕೆ ನನ್ನ ನಂಬಿಕೆ ಉಪ್ಪಿನ ಗಂಟಿನ ಮೇಲೆ. ಪುಡಿ ಉಪ್ಪು ತರಬೇಡಿ, ಬಟ್ಟೆಯಿಂದ ಸೋರಿ ಹಾಸಿಗೆಯೆಲ್ಲ ಆಗುತ್ತದೆ. ಕಲ್ಲುಪ್ಪೇ ಬೇಕು. ನಾಲ್ಕು ದೊಡ್ಡ ಹಿಡಿ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಮೊದಲು ಚಟಪಟ ಸಿಡಿಯುತ್ತದೆ, ಅದು ಒಳಗಿನ ತೇವ. ಮುಖ ದೂರ ಇಟ್ಟುಕೊಳ್ಳಿ. ಸದ್ದು ನಿಂತ ಮೇಲೆ ಒಂದು ಚಿಟಿಕೆ ಓಮ ಹಾಕಿ, ಘಮ ಬಂದ ತಕ್ಷಣ ಇಳಿಸಿ. ಬಟ್ಟೆ ಹಳೇ ಹತ್ತಿ ಪಂಚೆಯದ್ದೇ ಆಗಬೇಕು, ಒಗೆದು ಒಗೆದು ಮೆತ್ತಗಾದದ್ದು. ನೈಲಾನು, ಪಾಲಿಯೆಸ್ಟರು ಹತ್ತಿರವೂ ತರಬೇಡಿ, ಕರಗಿ ಮೈಗೆ ಅಂಟುತ್ತದೆ. ಎರಡು ಪದರ ಮಡಿಸಿ, ನಡುವೆ ಉಪ್ಪು ಸುರಿದು, ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಕಲ್ಲಿನ ಹಾಗೆ ಒತ್ತುತ್ತದೆ. ಮೇಲೆ ಒಂದು ಗೇಣು ಬಾಲ ಬಿಡಿ, ಹಿಡಿಯೋಕೆ. ಮಣಿಕಟ್ಟಿನ ಒಳಗೆ ಇಟ್ಟು ನೋಡಿ, ಹಿತವಾಗಿ ಬೆಚ್ಚಗಿದ್ದರೆ ಸರಿ. ಬಟ್ಟೆಯ ಮೇಲಿಂದಲೇ ಕಿಬ್ಬೊಟ್ಟೆಗೆ ಸ್ವಲ್ಪ ಹೊತ್ತು, ಸೊಂಟಕ್ಕೆ ಸ್ವಲ್ಪ ಹೊತ್ತು. ಎರಡು ಗಂಟು ಮಾಡಿಕೊಳ್ಳಿ, ಒಂದು ಮೈಮೇಲಿರುವಾಗ ಇನ್ನೊಂದು ತವಾ ಮೇಲೆ ಬೆಚ್ಚಗಾಗಲಿ. ಉಪ್ಪು ಹುರಿದ ಕಬ್ಬಿಣದ ಬಾಣಲೆಯನ್ನು ಹಾಗೇ ಬಿಟ್ಟರೆ ಬೆಳಗ್ಗೆಗೆ ತುಕ್ಕು! ತಕ್ಷಣ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ದೋಸೆ ಕಾವಲಿಯನ್ನು ಸೋಪು ನೀರಲ್ಲಿ ನೆನೆಹಾಕಿ ಮಲಗುವವರಿಗೂ ಇದನ್ನೇ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಮೂರು ದಿನ ಹಿತ್ತಿಲ ಜಗುಲಿಯಲ್ಲಿ ಚಾಪೆ. ಅಜ್ಜಿ ನನ್ನನ್ನು ಮುಟ್ಟುವ ಹಾಗಿಲ್ಲ. ಗಂಟನ್ನು ಮೊರದಲ್ಲಿಟ್ಟು ಕೋಲಿನಿಂದ ನನ್ನ ಕಡೆ ತಳ್ಳುತ್ತಿದ್ದರು. ಬಿಸಿ ಆರುವ ಮೊದಲು ಇನ್ನೊಂದು ಮೊರ ಬರುತ್ತಿತ್ತು. ಆ ದೂರ ಕೂರಿಸುವುದು ಬೇಡವೇ ಬೇಡ. ನಾನಂತೂ ಮೊಮ್ಮಗಳ ಪಕ್ಕದಲ್ಲೇ ಕೂತು ಶಾಖ ಕೊಟ್ಟೆ.

ಕುಡಿಯೋಕೆ ಶುಂಠಿ ಜಜ್ಜಿ, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯ. ನೋವು ಏರಿದ ಮೇಲಲ್ಲ, ಶುರುವಾಗುತ್ತಿದ್ದಂತೆ. ಡಾಕ್ಟರು ಕೊಟ್ಟ ಮಾತ್ರೆಯನ್ನೂ ಹಾಗೇ ಮೊದಲೇ ನುಂಗಬೇಕು. ಗರ್ಭಕೋಶವನ್ನು ಹಿಂಡಿಸುವುದು ಪ್ರೊಸ್ಟಾಗ್ಲಾಂಡಿನ್ ಎನ್ನುವ ರಾಸಾಯನಿಕ, ಮಾತ್ರೆ ಅದು ಹುಟ್ಟುವುದನ್ನೇ ತಡೆಯುತ್ತದೆ. ಮನೆಮದ್ದು ಅಂತ ಹಠ ಮಾಡಿ ಹಲ್ಲುಕಚ್ಚಿ ಒದ್ದಾಡುವುದು ಯಾಕೆ? ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ.

ಇನ್ನು ಚಿಗಳಿ. ಎಳ್ಳು ಹುರಿದು ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿ, ದಿನಕ್ಕೊಂದು ತಿನ್ನಿ. ತಿಂದರೆ ಮುಟ್ಟು ಬೇಗ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಆದರೆ ಮೈಗೆ ಬಲ ಬರುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಕುಡಿದರೆ ಅದರಲ್ಲಿ ಎಷ್ಟೋ ದಂಡ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಗೌರಿ ಹಬ್ಬಕ್ಕೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಲ್ಲಿ ಸುಮ್ನೆ ಕೇಳಿ ತಂದು ನುಂಗುತ್ತಾರೆ. ಆಮೇಲೆ "ತಿಂಗಳು ಏರುಪೇರಾಗಿದೆ, ಏನಾದ್ರೂ ಕಷಾಯ ಹೇಳಿ ಅಜ್ಜಿ" ಅಂತ ಬರುತ್ತಾರೆ. ಮುಟ್ಟು ಸರಿಯಾಗಿ ಬರಬೇಕಾದರೆ ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಸ್ವಲ್ಪ ಓಡಾಟ ಬೇಕು. ರಾತ್ರಿ ಒಂದರವರೆಗೆ ಫೋನು ನೋಡಿ, ತೆಳ್ಳಗಾಗಬೇಕು ಅಂತ ಊಟ ಬಿಟ್ಟರೆ ಯಾವ ಬೇರು ನಾರು ಏನು ಮಾಡುತ್ತದೆ?

ಗೋಡೆಯ ಕ್ಯಾಲೆಂಡರಿನಲ್ಲಿ ಆದ ದಿನಕ್ಕೊಂದು ಚುಕ್ಕೆ ಇಡಿ. 21ರಿಂದ 35 ದಿನದೊಳಗೆ ಬಂದರೆ ಗಾಬರಿ ಬೇಡ. ಹೊಸದಾಗಿ ಶುರುವಾದ ಹುಡುಗಿಯರಿಗೆ 45 ದಿನದವರೆಗೂ ಹೋಗಬಹುದು. ಮೂರು ತಿಂಗಳು ಬರಲೇ ಇಲ್ಲ, ಗಂಟೆಗೊಂದು ಪ್ಯಾಡ್ ತೋಯುತ್ತಿದೆ, ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅಂದರೆ ಗಂಟು ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಥೈರಾಯಿಡ್ ತೊಂದರೆ ಇರಬಹುದು, ಅಂಡಾಶಯ ಸರಿಯಾಗಿ ಕೆಲಸ ಮಾಡದ ಪಿಸಿಒಡಿ ಇರಬಹುದು, ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ನನ್ನ ಚಿಕ್ಕಮ್ಮ ನಾಚಿಕೊಂಡು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಅವಳ ಕೈ ಹಿಡಿದಿದ್ದೆ. ಅಂಗೈ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.